ಲಿಥಿಯಂ ಕೊಟ್ಟವರು, ಲಿಥಿಯಂ ಅಳೆದವರು

ಬೈಪೋಲಾರ್ ಕಾಯಿಲೆಗೆ ವೈದ್ಯರು ಇವತ್ತಿಗೂ ಮೊದಲು ನೆನೆಯುವ ಔಷಧಿಗಳಲ್ಲಿ ಲಿಥಿಯಂ ಒಂದು. ಅದು ಈ ಕಾಯಿಲೆಗೆ ಔಷಧಿ ಅಂತ ಕಂಡುಹಿಡಿದವರು ಯಾರು ಅಂತ ಕೇಳಿದರೆ ಎಲ್ಲ ಪಠ್ಯಪುಸ್ತಕಗಳೂ ಜಾನ್ ಕೇಡ್ ಅನ್ನುತ್ತವೆ. ಉತ್ತರ ಸರಿಯೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಕಥೆಯ ದೊಡ್ಡ ಭಾಗ ಬಿಟ್ಟುಹೋಗುತ್ತದೆ. ಕೇಡ್ ಯಾರಿಗೆ ಮೊದಲು ಲಿಥಿಯಂ ಕೊಟ್ಟರೋ ಆ ರೋಗಿ ಗುಣವಾಗಿ ಮನೆಗೆ ಹೋದರು. ಎರಡು ವರ್ಷ ಚಿಲ್ಲರೆಯಲ್ಲಿ ಅದೇ ಲಿಥಿಯಂನ ವಿಷ ಏರಿ ಸತ್ತರು. ಇದನ್ನು ಯಾಕೋ ಎಲ್ಲರೂ ಪಿಸುಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾನು ಇವತ್ತು ಅದನ್ನೇ ಹಿಡಿದು ಮಾತಾಡುತ್ತೇನೆ. ಯಾಕೆಂದರೆ ಒಂದು ವಸ್ತು ಕೆಲಸ ಮಾಡುತ್ತದೆ ಅಂತ ಕಾಣುವುದು ಬೇರೆ, ಅದು ಔಷಧಿ ಆಗುವುದು ಬೇರೆ. ಲಿಥಿಯಂನಲ್ಲಿ ಈ ಎರಡರ ನಡುವೆ ಇಪ್ಪತ್ತು ವರ್ಷ ಹೋಯಿತು.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಇಲ್ಲಿ ಕೂತಿರುವ ಹಲವರಿಗೆ ಅದು ಮನೆಯಲ್ಲೇ ಗೊತ್ತು. ಮೇನಿಯಾ ಬಂದಾಗ ಮನುಷ್ಯ ಮೂರು ದಿನ ನಿದ್ದೆ ಮಾಡುವುದಿಲ್ಲ, ಆಯಾಸವೂ ಇರುವುದಿಲ್ಲ. ಮಾತು ನಿಲ್ಲುವುದಿಲ್ಲ. ಸಾಲ ಮಾಡಿ ಕಾರು ಬುಕ್ ಮಾಡುತ್ತಾನೆ, ಗುರುತಿಲ್ಲದವರಿಗೆ ದುಡ್ಡು ಹಂಚುತ್ತಾನೆ, ತಡೆದವರ ಮೇಲೆ ಹರಿಹಾಯುತ್ತಾನೆ. ಕೆಲವು ತಿಂಗಳ ನಂತರ ಅದೇ ಮನುಷ್ಯ ಹಾಸಿಗೆ ಬಿಟ್ಟು ಏಳುವುದಿಲ್ಲ. ಸ್ನಾನವೂ ಬೇಡ, ಊಟವೂ ಬೇಡ, ಬದುಕೂ ಬೇಡ ಅನ್ನುವ ಖಿನ್ನತೆ. ಇವೆರಡರ ನಡುವೆ ಪೂರ್ತಿ ಸರಿಯಾಗಿರುವ ಕಾಲವೂ ಇರುತ್ತದೆ. ಅದಕ್ಕೇ ಮನೆಯವರಿಗೆ ಮೋಸ ಹೋದಂತಾಗುತ್ತದೆ. "ಚೆನ್ನಾಗೇ ಇದ್ದನಲ್ಲ, ಬೇಕಂತಲೇ ಮಾಡ್ತಾನೆ" ಅನ್ನುತ್ತಾರೆ. ಬೇಕಂತ ಮಾಡುವುದಲ್ಲ.

ಈಗ ಕೇಡ್ ವಿಷಯಕ್ಕೆ ಬರೋಣ. ಅವರು ಹುಟ್ಟಿದ್ದು 1912ರಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮರ್ಟೋವಾ ಎಂಬ ಸಣ್ಣ ಊರಲ್ಲಿ. ಅಪ್ಪನೂ ಡಾಕ್ಟರು. ಮೊದಲ ಮಹಾಯುದ್ಧದಿಂದ ಬಳಲಿ ಬಂದ ಮೇಲೆ ಅಪ್ಪ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದರು. ಮನೆ ಆಸ್ಪತ್ರೆಯ ಕಾಂಪೌಂಡಿನ ಒಳಗೇ. ಹಾಗಾಗಿ ಹುಡುಗ ರೋಗಿಗಳನ್ನು ನೋಡಿ ಹೆದರಿಕೊಂಡು ಬೆಳೆಯಲಿಲ್ಲ, ಅವರ ನಡುವೆ ಓಡಾಡಿಕೊಂಡು ಬೆಳೆದ. ಮುಂದೆ ತಾನೂ ಡಾಕ್ಟರಾಗಿ ಅದೇ ಕೆಲಸಕ್ಕೆ ಬಂದರು.

ಎರಡನೇ ಮಹಾಯುದ್ಧದಲ್ಲಿ ಕೇಡ್ ಸೈನ್ಯದ ವೈದ್ಯರಾಗಿ ಸಿಂಗಪುರದಲ್ಲಿದ್ದರು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈಗೆ ಬಿತ್ತು. ಕೇಡ್ ಅಲ್ಲಿನ ಚಾಂಗಿ ಸೆರೆಶಿಬಿರದಲ್ಲಿ ಮೂರೂವರೆ ವರ್ಷ ಯುದ್ಧಕೈದಿ. ಅಲ್ಲಿ ಸಿಗುತ್ತಿದ್ದ ಊಟದಲ್ಲಿ ವಿಟಮಿನ್ನುಗಳೇ ಇರಲಿಲ್ಲ. ವಿಟಮಿನ್ ಕೊರತೆಯಿಂದ ಬರುವ ಬೆರಿಬೆರಿ, ಪೆಲಾಗ್ರ ಇವೆಲ್ಲ ಕೈದಿಗಳ ದೇಹವನ್ನಷ್ಟೇ ಅಲ್ಲ, ಮನಸ್ಸನ್ನೂ ಕೆಡಿಸುವುದನ್ನು ಅವರು ದಿನಾ ನೋಡಿದರು. ಮನಸ್ಸಿನ ಕಾಯಿಲೆಗೆ ಮೈಯೊಳಗೇ ಒಂದು ಕಾರಣ ಇರಬಹುದು ಅನ್ನುವ ಯೋಚನೆ ಅಲ್ಲಿ ಗಟ್ಟಿಯಾಯಿತು. ಮನೋವಿಶ್ಲೇಷಣೆಯ, ಅಂದರೆ ಕಾಯಿಲೆಯ ಕಾರಣವನ್ನು ಮನಸ್ಸಿನ ಆಳದಲ್ಲೇ ಹುಡುಕುವವರ ಮಾತೇ ದೊಡ್ಡದಾಗಿದ್ದ ಕಾಲ ಅದು, ನೆನಪಿರಲಿ.

ಬಿಡುಗಡೆಯಾಗಿ ಬಂದಾಗ ಮೈ ಸೊರಗಿತ್ತು. ಆದರೂ ಸ್ವಲ್ಪ ದಿನದಲ್ಲೇ ಮೆಲ್ಬರ್ನ್ ಹತ್ತಿರದ ಬುಂಡೂರಾ ಎಂಬಲ್ಲಿ, ಮಾಜಿ ಸೈನಿಕರ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದರು. ಸಂಶೋಧನೆಗೆ ದುಡ್ಡಿಲ್ಲ, ಸಹಾಯಕರಿಲ್ಲ, ಲ್ಯಾಬ್ ಇಲ್ಲ. ಉಪಯೋಗಿಸದೆ ಬಿಟ್ಟಿದ್ದ ಒಂದು ಅಡುಗೆ ಕೋಣೆಯನ್ನೇ ಲ್ಯಾಬ್ ಮಾಡಿಕೊಂಡರು. ರೋಗಿಗಳ ಮೂತ್ರದ ಬಾಟಲಿಗಳನ್ನು ಇಡುತ್ತಿದ್ದುದು ಮನೆಯ ಫ್ರಿಜ್ಜಿನಲ್ಲಿ. ಹೆಂಡತಿ ಜೀನ್ ಸ್ವತಃ ನರ್ಸ್ ಆಗಿದ್ದವರು. ಅದಕ್ಕೇ ಸಹಿಸಿಕೊಂಡರು ಅಂತ ಕಾಣುತ್ತದೆ!

ಅವರ ತರ್ಕ ಹೀಗಿತ್ತು. ಥೈರಾಯ್ಡ್ ಜಾಸ್ತಿಯಾದರೆ ಮನುಷ್ಯ ಚಡಪಡಿಸುತ್ತಾನೆ, ಕಡಿಮೆಯಾದರೆ ಮಂಕಾಗುತ್ತಾನೆ. ಹಾಗೆಯೇ ಮೈಯಲ್ಲಿ ಯಾವುದೋ ಒಂದು ವಸ್ತು ಜಾಸ್ತಿಯಾದಾಗ ಮೇನಿಯಾ, ಕಡಿಮೆಯಾದಾಗ ಖಿನ್ನತೆ ಬರುತ್ತಿರಬಹುದು. ಜಾಸ್ತಿಯಾದದ್ದು ಮೂತ್ರದಲ್ಲಿ ಹೊರಗೆ ಬರಲೇಬೇಕಲ್ಲ? ಮೇನಿಯಾ ರೋಗಿಗಳ ಮೂತ್ರವನ್ನು ಗಿನಿಪಿಗ್‌ಗಳಿಗೆ ಚುಚ್ಚಿ ನೋಡಿದರು. ಬೇರೆಯವರ ಮೂತ್ರಕ್ಕಿಂತ ಇದು ಹೆಚ್ಚು ವಿಷಕಾರಿ ಅಂತ ಅವರಿಗೆ ಅನ್ನಿಸಿತು. ವಿಷ ಮೂತ್ರದಲ್ಲಿರುವ ಯೂರಿಯಾದ್ದು, ಅಲ್ಲೇ ಇರುವ ಯೂರಿಕ್ ಆಮ್ಲ ಅದನ್ನು ಇನ್ನಷ್ಟು ಏರಿಸುತ್ತದೇನೋ ಅಂತ ಅನುಮಾನ ಬಂತು. ಪರೀಕ್ಷೆ ಮಾಡಬೇಕಾದರೆ ಯೂರಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಬೇಕು, ಅದು ಸುಲಭಕ್ಕೆ ಕರಗುವುದಿಲ್ಲ. ಅದರ ಲವಣಗಳಲ್ಲಿ ಚೆನ್ನಾಗಿ ಕರಗುವುದು ಲಿಥಿಯಂ ಯೂರೇಟ್. ಲಿಥಿಯಂ ಒಳಗೆ ಬಂದದ್ದು ಹೀಗೆ, ಬರೀ ಕರಗಿಸುವ ಅನುಕೂಲಕ್ಕೆ.

ಚುಚ್ಚಿ ನೋಡಿದರೆ ವಿಷ ಏರುವ ಬದಲು ಇಳಿಯಿತು. ಹಾಗಾದರೆ ಲಿಥಿಯಂದೇ ಏನೋ ಗುಣ ಇರಬೇಕು ಅಂತ ಬರೀ ಲಿಥಿಯಂ ಕಾರ್ಬೊನೇಟ್ ಕೊಟ್ಟರು. ಸುಮಾರು ಎರಡು ಗಂಟೆ ಆದ ಮೇಲೆ, ಮುಟ್ಟಿದರೆ ಬೆಚ್ಚಿ ಓಡುವ ಆ ಪ್ರಾಣಿಗಳು ಸುಮ್ನೆ ಬಿದ್ದುಕೊಂಡವು. ಅಂಗಾತ ಮಲಗಿಸಿದರೂ ಮಗುಚಿಕೊಳ್ಳದೆ ಮಿಕಿಮಿಕಿ ನೋಡುತ್ತಿದ್ದವು.

ನೋಡಿ, ಈ ತರ್ಕದ ಒಂದೊಂದು ಮೆಟ್ಟಿಲೂ ಅಲುಗಾಡುತ್ತದೆ. ಮೇನಿಯಾಕ್ಕೆ ಯೂರಿಕ್ ಆಮ್ಲ ಕಾರಣ ಅನ್ನುವುದು ನಿಲ್ಲಲಿಲ್ಲ. ಗಿನಿಪಿಗ್‌ಗಳು ಸುಮ್ಮನಾದದ್ದು ಶಾಂತಿಯಿಂದಲ್ಲ, ಬಹುಶಃ ಅವಕ್ಕೆ ಲಿಥಿಯಂ ವಿಷವೇ ಏರಿತ್ತು ಅಂತ ನಂತರ ಅನೇಕರು ಹೇಳಿದರು. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ನಗುತ್ತಾರೆ. ನಗಲಿ. ಆದರೆ ಕೇಡ್ ತಮ್ಮ ಊಹೆಯನ್ನು ಬಿಟ್ಟು ಕಣ್ಣೆದುರಿನ ಪ್ರಾಣಿಯನ್ನು ನೋಡಿದರಲ್ಲ, ಅದು ಎಲ್ಲರಿಗೂ ಬರುವ ಗುಣವಲ್ಲ.

ಮೊದಲು ಸ್ವತಃ ತಾವೇ ಲಿಥಿಯಂ ನುಂಗಿ ನೋಡಿದರು. ಏನೂ ಆಗಲಿಲ್ಲ. 1948ರ ಮಾರ್ಚ್ 29ಕ್ಕೆ ಮೊದಲ ರೋಗಿಗೆ ಕೊಟ್ಟರು. ವರದಿಯಲ್ಲಿ ಅವರ ಹೆಸರು ಡಬ್ಲ್ಯು. ಬಿ. ಎಂದಷ್ಟೇ ಇದೆ. 51 ವರ್ಷ, ಐದು ವರ್ಷದಿಂದ ಬಿಡದ ಮೇನಿಯಾ, ವಾರ್ಡಿನಲ್ಲಿ ಎಲ್ಲರಿಗೂ ತಲೆನೋವು. ಒಂದು ವಾರದೊಳಗೆ ಬದಲಾವಣೆ ಕಂಡಿತು. ಮೂರು ವಾರಕ್ಕೆ ಚೇತರಿಸಿಕೊಳ್ಳುವವರ ವಾರ್ಡಿಗೆ ಹೋದರು. ಜುಲೈನಲ್ಲಿ ಆಸ್ಪತ್ರೆಯಿಂದಲೇ ಹೊರಬಂದು ಹಳೆಯ ಕೆಲಸಕ್ಕೆ ಸೇರಿದರು. ಅಂಥವರಿಗೆ ಆಗ ಏನು ಮಾಡುತ್ತಿದ್ದರು ಗೊತ್ತಾ? ಕೂಡಿ ಹಾಕುವುದು, ಕರೆಂಟ್ ಚಿಕಿತ್ಸೆ, ಕೆಲವರಿಗೆ ಮಿದುಳಿನ ನರ ಕತ್ತರಿಸುವ ಆಪರೇಷನ್. ಇಂಥ ರೋಗಿಗಳನ್ನು ಶಾಂತಗೊಳಿಸುವ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಂದದ್ದೇ 1952ರಲ್ಲಿ.

1949ರ ಸೆಪ್ಟೆಂಬರ್ 3ರಂದು ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯಲ್ಲಿ ಕೇಡ್ ಅವರ ಲೇಖನ ಬಂತು. ಮೇನಿಯಾದ 10 ಜನ, ಸ್ಕಿಜೋಫ್ರೇನಿಯಾದ 6 ಜನ, ಖಿನ್ನತೆಯ 3 ಜನ. ಮೇನಿಯಾದವರಿಗೆ ಚೆನ್ನಾಗಿ ಗುಣ ಕಂಡಿತು, ಖಿನ್ನತೆಯವರಿಗೆ ಏನೂ ಆಗಲಿಲ್ಲ ಅಂತ ನೇರವಾಗಿ ಬರೆದಿದ್ದಾರೆ. ಲಿಥಿಯಂ ಬಿಟ್ಟ ಮೇಲೆ ಡಬ್ಲ್ಯು. ಬಿ. ಅವರಿಗೆ ಮತ್ತೆ ಕಾಯಿಲೆ ಬಂದು, 1949ರ ಜನವರಿಯಲ್ಲಿ ವಾಪಸ್ ದಾಖಲಾದದ್ದನ್ನೂ ಅಡಗಿಸಿಲ್ಲ.

ಆ ವರ್ಷವೇ ಇನ್ನೊಂದು ಅನಾಹುತ ನಡೆದಿತ್ತು, ಅಮೆರಿಕದಲ್ಲಿ. ಹೃದಯದ ಕಾಯಿಲೆಯವರು ಉಪ್ಪು ತಿನ್ನಬಾರದು ಅಂತ ಅವರಿಗೆ ಬದಲಿ ಉಪ್ಪಾಗಿ ಲಿಥಿಯಂ ಕ್ಲೋರೈಡ್ ಮಾರುತ್ತಿದ್ದರು. ಜನ ಅದನ್ನು ಊಟಕ್ಕೆ ಎಷ್ಟು ಬೇಕೋ ಅಷ್ಟು ಹಾಕಿಕೊಂಡರು. ಕೆಲವರು ಸತ್ತರು, ಸರ್ಕಾರ ಅದನ್ನು ಅಂಗಡಿಗಳಿಂದ ತೆಗೆಸಿತು. ಒಂದು ಕಡೆ ಲಿಥಿಯಂ ಜೀವ ತೆಗೆಯುತ್ತದೆ ಅನ್ನುವ ಸುದ್ದಿ, ಇನ್ನೊಂದು ಕಡೆ ಮೆಲ್ಬರ್ನ್‌ನಿಂದ ಇದು ಔಷಧಿ ಅನ್ನುವ ಸುದ್ದಿ. ಯಾರು ನಂಬುತ್ತಾರೆ?

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಅದಕ್ಕೆ ಮುಂಚೆ ಲಿಥಿಯಂ ಒಳ್ಳೆಯ ಹೆಸರಿದ್ದ ವಸ್ತು. ಹತ್ತೊಂಬತ್ತನೇ ಶತಮಾನದಲ್ಲಿ ಕೀಲು ಊದಿ ನೋಯುವ ಗೌಟ್ ಕಾಯಿಲೆಗೆ ಕೊಡುತ್ತಿದ್ದರು. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಅದನ್ನು ಮರುಕಳಿಸುವ ಖಿನ್ನತೆಗೂ ಕೊಟ್ಟಿದ್ದರು, ಆಮೇಲೆ ಎಲ್ಲರೂ ಮರೆತರು. ಸೆವೆನ್ ಅಪ್ ಪಾನೀಯ 1929ರಲ್ಲಿ ಶುರುವಾದಾಗ ಅದರಲ್ಲೂ ಲಿಥಿಯಂ ಇತ್ತು. ಈಗಂತೂ ಲಿಥಿಯಂ ಅಂದರೆ ಮಕ್ಕಳಿಗೆ ಮೊಬೈಲ್ ಬ್ಯಾಟರಿಯೇ ನೆನಪು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ ಅಂದಾಜಾದಾಗ ಟಿವಿಯವರು ಬರೀ ಎಲೆಕ್ಟ್ರಿಕ್ ಕಾರಿನ ಮಾತಾಡಿದರು. ಒಬ್ಬರೂ ಮಾತ್ರೆಯ ವಿಷಯ ಎತ್ತಲಿಲ್ಲ. ಇರಲಿ.

ಡಬ್ಲ್ಯು. ಬಿ. ಅವರಿಗೆ ಮತ್ತೆ ಲಿಥಿಯಂ ಶುರುವಾಯಿತು. ಕೊಟ್ಟಾಗ ಸರಿಹೋಗುತ್ತಿದ್ದರು. ಜಾಸ್ತಿಯಾದಾಗ ವಾಂತಿ, ನಡುಕ. ನಿಲ್ಲಿಸಿದರೆ ಮೇನಿಯಾ. ಎಷ್ಟು ಕೊಡಬೇಕು ಅಂತ ತಿಳಿಯುವ ದಾರಿಯೇ ಇರಲಿಲ್ಲ. ರೋಗಿಯ ಮುಖ ನೋಡಿ ಪ್ರಮಾಣ ತೀರ್ಮಾನ ಮಾಡಬೇಕಿತ್ತು. 1950ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕೇಡ್ ತಮ್ಮ ಆಸ್ಪತ್ರೆಯಲ್ಲಿ ಲಿಥಿಯಂ ಕೊಡುವುದನ್ನೇ ನಿಲ್ಲಿಸಿದರು. ತಾನು ಕಂಡುಹಿಡಿದದ್ದನ್ನು ತಾನೇ ನಿಲ್ಲಿಸಿದ ಮನುಷ್ಯ ಅಂತ ಕೆಲವರು ಅವರನ್ನು ಸ್ವಲ್ಪ ಹಗುರವಾಗಿ ನೋಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಳತೆ ಗೊತ್ತಿಲ್ಲದ ವಸ್ತುವನ್ನು ಕೊಡುತ್ತಾ ಹೋಗುವುದಕ್ಕಿಂತ ನಿಲ್ಲಿಸುವುದು ಮೇಲಲ್ವಾ?

ಅಳತೆ ತಂದವರು ಅದೇ ಊರಿನ ಇನ್ನೊಬ್ಬರು. ಮೆಲ್ಬರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಟ್ರೌಟ್ನರ್. ಲಿಥಿಯಂ ಇರುವ ದ್ರವವನ್ನು ಜ್ವಾಲೆಗೆ ಹಾಯಿಸಿದರೆ ಕೆಂಪು ಬಣ್ಣ ಬರುತ್ತದೆ. ಆ ಕೆಂಪು ಎಷ್ಟು ಗಾಢ ಅನ್ನುವುದನ್ನು ಅಳೆಯುವ ಯಂತ್ರಕ್ಕೆ ಫ್ಲೇಮ್ ಫೋಟೋಮೀಟರ್ ಅನ್ನುತ್ತಾರೆ. ಟ್ರೌಟ್ನರ್ ರೋಗಿಗಳ ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ಅಳೆಯುತ್ತಾ ಹೋದರು. 1951ರಲ್ಲಿ ಅವರೂ ಚಾರ್ಲ್ಸ್ ನೋಯಾಕ್ ಎಂಬ ವೈದ್ಯರೂ ನೂರಕ್ಕೂ ಹೆಚ್ಚು ರೋಗಿಗಳ ವರದಿ ಪ್ರಕಟಿಸಿದರು. ಟ್ರೌಟ್ನರ್ ಹೆಸರನ್ನು ಈ ಸಭೆಯಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ. ಹೂಂ, ನಾನೂ ಹಾಗೇ ಅಂದುಕೊಂಡೆ.

ಲಿಥಿಯಂ ಈಗ ಡೆನ್ಮಾರ್ಕಿಗೆ ಹೋಗುತ್ತದೆ. ಮೊಗೆನ್ಸ್ ಸ್ಕೌ ಆರ್ಹೂಸ್ ಹತ್ತಿರದ ರಿಸ್ಕೋವ್ ಆಸ್ಪತ್ರೆಯಲ್ಲಿ ಸಂಶೋಧಕರು. ಅಪ್ಪನೂ ಮನೋವೈದ್ಯರು. ಮನೆಯಲ್ಲೇ ಕಾಯಿಲೆ ಇತ್ತು, ಸ್ವಂತ ತಮ್ಮನಿಗೆ ಮತ್ತೆ ಮತ್ತೆ ಖಿನ್ನತೆ ಬರುತ್ತಿತ್ತು. 1954ರಲ್ಲಿ ಸ್ಕೌ ಮತ್ತು ಜೊತೆಗಾರರು ಮೇನಿಯಾದ ರೋಗಿಗಳಲ್ಲಿ ಲಿಥಿಯಂ ಪರೀಕ್ಷೆ ಮಾಡಿದರು. ಕೆಲವು ರೋಗಿಗಳಿಗೆ ಲಿಥಿಯಂ ಕೊಡಬೇಕೋ ಔಷಧಿಯೇ ಇಲ್ಲದ ಹುಸಿಮಾತ್ರೆ ಕೊಡಬೇಕೋ ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಮನೋವೈದ್ಯಶಾಸ್ತ್ರದಲ್ಲಿ ಅಂಥ ಪರೀಕ್ಷೆಗಳು ಆಗ ಹೊಸತು. ಕೇಡ್ ಹೇಳಿದ್ದು ನಿಜ ಅಂತ ಸಾಬೀತಾಯಿತು.

ಇಲ್ಲಿಯವರೆಗೆ ಲಿಥಿಯಂ ಅಂದರೆ ಮೇನಿಯಾ ಬಂದಾಗ ಇಳಿಸುವ ಮದ್ದು, ಅಷ್ಟೇ. ಬರದಂತೆ ತಡೆಯುತ್ತದೆ ಅನ್ನುವುದನ್ನು ಮೊದಲು ಗಮನಿಸಿದ್ದು ರೋಗಿಗಳೇ. ಡೆನ್ಮಾರ್ಕಿನ ಇನ್ನೊಬ್ಬ ವೈದ್ಯ ಪೌಲ್ ಬಾಸ್ಟ್ರುಪ್ ತಮ್ಮ ರೋಗಿಗಳಿಗೆ, ಗುಣವಾಯಿತಲ್ಲ, ಇನ್ನು ಲಿಥಿಯಂ ಬಿಡಿ ಅಂತ ಹೇಳಿ ಕಳಿಸಿದ್ದರು. ಕೆಲವು ಕಾಲದ ನಂತರ ವಿಚಾರಿಸಿದರೆ ಕೆಲವರು ಬಿಟ್ಟೇ ಇರಲಿಲ್ಲ! ಇದನ್ನು ತಗೊಂಡರೆ ಕಾಯಿಲೆ ಮತ್ತೆ ಬರುವುದಿಲ್ಲ ಅಂತ ಅವರೇ ಕಂಡುಕೊಂಡಿದ್ದರು. ಅದೇ ಕಾಯಿಲೆ ಇದ್ದ ನೆಂಟರಿಗೂ ಹಂಚಿದ್ದರು. ಡಾಕ್ಟರ ಮಾತು ಮೀರುವುದನ್ನು ನಾನು ಪ್ರೋತ್ಸಾಹಿಸುತ್ತಿಲ್ಲ, ನರ್ಸಿಂಗ್ ಓದುವ ಮಕ್ಕಳೇ ಬರೆದುಕೊಳ್ಳಬೇಡಿ. ಆದರೆ ರೋಗಿ ಹೇಳುವುದನ್ನು ಕೂತು ಕೇಳಿದ ಒಬ್ಬ ಡಾಕ್ಟರು ಅಲ್ಲಿದ್ದರು, ಅದನ್ನು ಬರೆದುಕೊಳ್ಳಿ.

ಬಾಸ್ಟ್ರುಪ್ ಮತ್ತು ಸ್ಕೌ 88 ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 1967ರಲ್ಲಿ ವರದಿ ಬರೆದರು. ಲಿಥಿಯಂ ಶುರುವಾದ ಮೇಲೆ ಮೇನಿಯಾವೂ ಖಿನ್ನತೆಯೂ ಮರುಕಳಿಸುವುದು ತುಂಬಾ ಕಡಿಮೆಯಾಗಿತ್ತು. ಸ್ಕೌ ತಮ್ಮನೂ ಲಿಥಿಯಂನಿಂದ ಚೇತರಿಸಿಕೊಂಡಿದ್ದರು. ಆದರೆ ಮಾರನೇ ವರ್ಷ ಲಂಡನ್ನಿನಿಂದ ಬ್ಯಾರಿ ಬ್ಲ್ಯಾಕ್‌ವೆಲ್, ಮೈಕಲ್ ಶೆಫರ್ಡ್ ಇಬ್ಬರೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೊಂದು ಕಟ್ಟುಕಥೆಯೇನೋ ಅಂತ ಕೇಳಿದರು. ಹೋಲಿಸಿ ನೋಡಲು ಲಿಥಿಯಂ ಇಲ್ಲದ ಗುಂಪು ಎಲ್ಲಿದೆ? ಡಾಕ್ಟರಿಗೂ ರೋಗಿಗೂ ಏನು ಕೊಟ್ಟಿದ್ದಾರೆ ಅಂತ ಗೊತ್ತಿತ್ತಲ್ಲ? ಸ್ಕೌ ಅವರಿಗೆ ತುಂಬಾ ನೋವಾಯಿತು. ನನ್ನ ಪ್ರಕಾರ ಪ್ರಶ್ನೆ ಸರಿಯಾಗಿತ್ತು, ಕೇಳಿದ ಧಾಟಿ ಒರಟಾಗಿತ್ತು.

ಕಷ್ಟ ಎಲ್ಲಿದೆ ನೋಡಿ. ಹುಸಿಮಾತ್ರೆ ಕೊಟ್ಟು ಪರೀಕ್ಷಿಸಬೇಕು ಅಂದರೆ ಚೆನ್ನಾಗಿರುವ ರೋಗಿಯಿಂದ ಲಿಥಿಯಂ ಕಿತ್ತುಕೊಳ್ಳಬೇಕು. ಖಿನ್ನತೆ ಬಂದು ಅವರು ಜೀವ ಕಳೆದುಕೊಂಡರೆ? ಪರೀಕ್ಷೆ ಮಾಡದಿದ್ದರೆ ಪ್ರಪಂಚ ನಂಬುವುದಿಲ್ಲ, ಸಾವಿರಾರು ಜನಕ್ಕೆ ಔಷಧಿ ಸಿಗುವುದಿಲ್ಲ. ಕೊನೆಗೆ ಬಾಸ್ಟ್ರುಪ್, ಸ್ಕೌ ಮತ್ತು ಜೊತೆಗಾರರು ಒಂದು ದಾರಿ ಹುಡುಕಿದರು. ರೋಗಿಗಳನ್ನು ಜೋಡಿ ಜೋಡಿ ಮಾಡಿ, ಒಬ್ಬರಿಗೆ ಲಿಥಿಯಂ, ಇನ್ನೊಬ್ಬರಿಗೆ ಹುಸಿಮಾತ್ರೆ. ಯಾರಿಗೆ ಯಾವುದು ಅಂತ ನೋಡಿಕೊಳ್ಳುವ ಡಾಕ್ಟರಿಗೂ ಗೊತ್ತಿಲ್ಲ. ಒಬ್ಬರಿಗೆ ಕಾಯಿಲೆ ಮರುಕಳಿಸಿದ ತಕ್ಷಣ ಲೆಕ್ಕಕ್ಕೆ ಸೇರಿಸಿ, ವ್ಯತ್ಯಾಸ ಸ್ಪಷ್ಟವಾದ ಕ್ಷಣ ಪರೀಕ್ಷೆಯನ್ನೇ ನಿಲ್ಲಿಸುವುದು. 84 ರೋಗಿಗಳಿದ್ದರು. ತಿಂಗಳುಗಳಲ್ಲೇ ಫಲಿತಾಂಶ ಬಂತು. ಹುಸಿಮಾತ್ರೆಯ 39 ಜನರಲ್ಲಿ 21 ಜನಕ್ಕೆ ಕಾಯಿಲೆ ಮರುಕಳಿಸಿತ್ತು. ಲಿಥಿಯಂ ಮುಂದುವರಿಸಿದ 45 ಜನರಲ್ಲಿ ಒಬ್ಬರಿಗೂ ಇಲ್ಲ. ಇದು 1970ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಅಮೆರಿಕ ಸರ್ಕಾರವೂ ಮೇನಿಯಾಕ್ಕೆ ಲಿಥಿಯಂ ಒಪ್ಪಿದ್ದು ಅದೇ ವರ್ಷ.

ಇಷ್ಟು ತಡ ಯಾಕಾಯಿತು? ವಿಷದ ಭಯ ಒಂದು. ದುಡ್ಡು ಇನ್ನೊಂದು. ಲಿಥಿಯಂ ಪ್ರಕೃತಿಯಲ್ಲಿ ಸಿಗುವ ಲವಣ, ಪೇಟೆಂಟ್ ಮಾಡಲು ಬರುವುದಿಲ್ಲ. ಪೇಟೆಂಟ್ ಇಲ್ಲದ ಅಗ್ಗದ ಮಾತ್ರೆಯನ್ನು ಹೊತ್ತು ತಿರುಗುವ ಕಂಪನಿ ಎಲ್ಲಿ ಸಿಗುತ್ತದೆ?

ಈಗ ಮಾತ್ರೆ ನುಂಗುತ್ತಿರುವವರಿಗೆ ಮತ್ತು ಮನೆಯವರಿಗೆ. ಲಿಥಿಯಂನಲ್ಲಿ ಉಪಯೋಗದ ಮಟ್ಟಕ್ಕೂ ವಿಷದ ಮಟ್ಟಕ್ಕೂ ಅಂತರ ಕಡಿಮೆ. ಸಾಮಾನ್ಯವಾಗಿ ರಕ್ತದಲ್ಲಿ ಲೀಟರಿಗೆ 0.6ರಿಂದ 1 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ ಶುರು. ಅದಕ್ಕೇ "ಲಿಥಿಯಂ ಲೆವೆಲ್" ಮಾಡಿಸಿ ಅನ್ನುವುದು. ರಾತ್ರಿ ಮಾತ್ರೆ ತಗೊಂಡು ಸುಮಾರು 12 ಗಂಟೆ ಆದ ಮೇಲೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಲೆಕ್ಕ ತಪ್ಪುತ್ತದೆ. ಜೊತೆಗೆ ಥೈರಾಯ್ಡ್ ಮತ್ತು ಕಿಡ್ನಿ ಪರೀಕ್ಷೆ ಆಗಾಗ ಆಗಬೇಕು, ಎರಡನ್ನೂ ಲಿಥಿಯಂ ಕಾಡಬಹುದು.

ಕಿಡ್ನಿಗೆ ಲಿಥಿಯಂಗೂ ಸೋಡಿಯಂಗೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದಿಲ್ಲ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದಾಗ ಅದು ಸೋಡಿಯಂ ಉಳಿಸಲು ಹೋಗಿ ಲಿಥಿಯಂ ಅನ್ನೂ ಒಳಗೇ ಉಳಿಸಿಕೊಳ್ಳುತ್ತದೆ. ಹಾಗಾಗಿ ವಾಂತಿಭೇದಿ, ಕಲಬುರಗಿ-ರಾಯಚೂರಿನ ಬೇಸಿಗೆಯಲ್ಲಿ ದಿನವಿಡೀ ಬೆವರುವುದು, ನೀರೂ ಕುಡಿಯದ ಉಪವಾಸ, ಬಿಪಿ ಅಂತ ಏಕಾಏಕಿ ಉಪ್ಪು ಬಿಡುವುದು, ಎಲ್ಲವೂ ಲೆವೆಲ್ ಏರಿಸುತ್ತವೆ. ಮೆಡಿಕಲ್ ಶಾಪಿನಲ್ಲಿ ಮಂಡಿನೋವಿಗೆ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ. ಬಿಪಿಯ ಕೆಲವು ಮಾತ್ರೆಗಳೂ ಅಷ್ಟೇ. ಕೈ ಜೋರಾಗಿ ನಡುಗುವುದು, ತೊದಲುವುದು, ತೂರಾಡುವುದು, ವಾಂತಿ ನಿಲ್ಲದಿರುವುದು, ಇವು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಆವತ್ತೇ ಆಸ್ಪತ್ರೆಗೆ ಹೋಗಿ, ಲಿಥಿಯಂ ತಗೊಳ್ಳುತ್ತಿದ್ದೇವೆ ಅಂತ ಬಾಯಿಬಿಟ್ಟು ಹೇಳಿ.

ಖಿನ್ನತೆಯ ಬಗ್ಗೆ ಒಂದು ಎಚ್ಚರ. ಬೈಪೋಲಾರ್ ಇರುವವರಲ್ಲಿ ಅನೇಕರು ಡಾಕ್ಟರ ಹತ್ತಿರ ಮೊದಲು ಹೋಗುವುದು ಖಿನ್ನತೆ ಬಂದಾಗ. ಮೇನಿಯಾ ಬಂದಾಗ ಅವರಿಗೆ ತಾವು ಆರೋಗ್ಯವಾಗೇ ಇದ್ದೇವೆ ಅನ್ನಿಸಿರುತ್ತದೆ. ಡಾಕ್ಟರಿಗೆ ಹಿಂದಿನದು ಗೊತ್ತಿಲ್ಲದೆ ಬರೀ ಖಿನ್ನತೆಯ ಮಾತ್ರೆ ಬರೆದರೆ ಕೆಲವರಲ್ಲಿ ಅದು ಮೇನಿಯಾವನ್ನು ಎಬ್ಬಿಸಬಹುದು. ಆದ್ದರಿಂದ ಜೊತೆಗೆ ಹೋದವರು ಹೇಳಬೇಕು: ಹೋದ ವರ್ಷ ಇವರು ನಿದ್ದೆಯಿಲ್ಲದೆ ಓಡಾಡಿದ್ದರು, ಮನೆತನದಲ್ಲಿ ಇನ್ನೊಬ್ಬರಿಗೆ ಹೀಗಿತ್ತು ಅಂತ. ಬದುಕು ಬೇಡ ಅನ್ನುವ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಬ್ಬರೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಯ ಅಪಾಯ ಇಳಿಸುವುದರಲ್ಲಿ ಲಿಥಿಯಂಗೆ ಇರುವಷ್ಟು ಪುರಾವೆ ಬೈಪೋಲಾರ್‌ನ ಬೇರೆ ಮಾತ್ರೆಗಳಿಗೆ ಕಡಿಮೆ.

ಆದರೆ ಎಲ್ಲರಿಗೂ ಲಿಥಿಯಂ ಹೊಂದುವುದಿಲ್ಲ. ಕೆಲವರಿಗೆ ಅದು ಕಾಯಿಲೆಯನ್ನೇ ಮರೆಸುತ್ತದೆ, ಕೆಲವರಿಗೆ ಅರ್ಧಂಬರ್ಧ, ಕೆಲವರಿಗೆ ಏನೂ ಇಲ್ಲ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ವಿಜ್ಞಾನಿಗಳು ರೋಗಿಗಳ ಚರ್ಮದ ಜೀವಕೋಶಗಳಿಂದ ಗಾಜಿನ ತಟ್ಟೆಯಲ್ಲಿ ನರಕೋಶ ಬೆಳೆಸಿದರು. ಬೈಪೋಲಾರ್ ರೋಗಿಗಳ ನರಕೋಶ ಹೆಚ್ಚು ಉದ್ರೇಕಗೊಳ್ಳುತ್ತಿತ್ತು. ಲಿಥಿಯಂ ಹಾಕಿದಾಗ ತಣ್ಣಗಾದದ್ದು ಯಾರಿಗೆ ಲಿಥಿಯಂ ಹೊಂದಿತ್ತೋ ಅವರ ಕೋಶಗಳು ಮಾತ್ರ. ಬೆಂಗಳೂರಿನಲ್ಲೂ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸೇರಿಕೊಂಡು, ಒಂದೇ ಮನೆತನದಲ್ಲಿ ಹಲವರಿಗೆ ಕಾಯಿಲೆ ಇರುವ ಕುಟುಂಬಗಳ ಜೀವಕೋಶಗಳನ್ನು ಹೀಗೆ ಬೆಳೆಸಿ ನೋಡುತ್ತಿವೆ. ಯಾರಿಗೆ ಹೊಂದುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆ ಆಸ್ಪತ್ರೆಗೆ ಇನ್ನೂ ಬಂದಿಲ್ಲ. ಕೊಟ್ಟು, ಅಳೆದು, ಕಾದು ನೋಡುವುದೇ ದಾರಿ.

ಕೊನೆಗೆ ಒಬ್ಬರು ತಾಯಿ ಚೀಟಿಯಲ್ಲಿ ಕೇಳಿದ್ದಾರೆ. ಮಗಳು ಲಿಥಿಯಂನಲ್ಲಿ ಚೆನ್ನಾಗಿದ್ದಾಳೆ, ಮದುವೆ ಮಾತುಕತೆ ನಡೆಯುತ್ತಿದೆ, ಮಾತ್ರೆ ನಿಲ್ಲಿಸಬಹುದಾ ಅಂತ. ಅಮ್ಮಾ, ದಿಢೀರನೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗ ಕಾಯಿಲೆ ಮರುಕಳಿಸುವ ಸಾಧ್ಯತೆ ಜಾಸ್ತಿ, ಅದೂ ಮದುವೆಯ ಓಡಾಟ, ನಿದ್ದೆಗೆಡುವ ದಿನಗಳಲ್ಲಿ. ಗರ್ಭದ ಮೊದಲ ತಿಂಗಳುಗಳಲ್ಲಿ ಲಿಥಿಯಂ ಇದ್ದರೆ ಮಗುವಿನ ಹೃದಯಕ್ಕೆ ತೊಂದರೆಯಾಗುವ ಅಪಾಯ ಸ್ವಲ್ಪ ಏರುತ್ತದೆ. ಪ್ರಮಾಣ ಜಾಸ್ತಿಯಾದಷ್ಟೂ ಜಾಸ್ತಿ. ಹೆರಿಗೆಯ ನಂತರದ ವಾರಗಳಲ್ಲಿ ತಾಯಿಗೆ ಕಾಯಿಲೆ ಮರಳುವ ಅಪಾಯ ಅದಕ್ಕಿಂತ ದೊಡ್ಡದು. ಮುಂದುವರಿಸಬೇಕೋ, ಕಡಿಮೆ ಮಾಡಬೇಕೋ, ಬೇರೆ ಮಾತ್ರೆಗೆ ಬದಲಾಯಿಸಬೇಕೋ ಅನ್ನುವುದು ಅವಳಿಗೆ ಹಿಂದೆ ಎಷ್ಟು ಸಲ, ಎಷ್ಟು ಜೋರಾಗಿ ಬಂದಿತ್ತು ಅನ್ನುವುದರ ಮೇಲೆ ನಿಂತಿದೆ. ಹುಡುಗನ ಕಡೆಯವರಿಂದ ಮುಚ್ಚಿಟ್ಟರೆ ಅವಳು ಮಾತ್ರೆಯನ್ನೂ ಮುಚ್ಚಿಟ್ಟುಕೊಂಡು ನುಂಗಬೇಕಾಗುತ್ತದೆ, ರಕ್ತಪರೀಕ್ಷೆ ತಪ್ಪುತ್ತದೆ. ಅದಕ್ಕೆ ನಿಶ್ಚಿತಾರ್ಥಕ್ಕೂ ಮುಂಚೆ ಅವಳನ್ನು ಕರೆದುಕೊಂಡು ಹೋಗಿ ಡಾಕ್ಟರ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ. ಹಳೆಯ ಲೆವೆಲ್ ರಿಪೋರ್ಟುಗಳಿದ್ದರೆ ಅವನ್ನೂ ತಗೊಂಡು ಹೋಗಿ. ಪ್ರಶ್ನೆಗಳನ್ನು ಅವಳೇ ಕೇಳಲಿ.